ಹಿತ್ತಲ ಒಂದೆಲಗ

ಹೊನ್ನಾವರದ ಉತ್ತರಕ್ಕೆ, ಕಡಲಿಗೂ ಗುಡ್ಡದ ತಪ್ಪಲಿಗೂ ನಡುವೆ ಕರ್ಕಿಯೆಂಬ ನಮ್ಮ ಊರು ಇರುವದು. ಪಡುವಣ ಅಂಚಿನಲ್ಲಿ ಮರಳು, ಮೂಡಣ ಏರಿನಲ್ಲಿ ಕೆಂಪುಕಲ್ಲಿನ ನೆಲ, ಇವೆರಡರ ನಡುವೆ ತೆಂಗಿನ ನೆರಳು ಮತ್ತು ಗದ್ದೆಗಳು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಭಾಗವು ಜೂನ್‌ನಿಂದ ಸಪ್ಟಂಬರವರೆಗಿನ ನಾಲ್ಕು ತಿಂಗಳಲ್ಲಿಯೇ ಬಂದು ಹೋಗುವದು. ಉಳಿದ ಎಂಟು ತಿಂಗಳು ಹಿತ್ತಲಿನಲ್ಲಿ ಹಸಿ ನಿಲ್ಲುತ್ತಿದ್ದುದು ಬಾವಿಕಟ್ಟೆಯ ಸುತ್ತ ಮಾತ್ರ. ಕೊಡ ತುಂಬುವಾಗ ಚೆಲ್ಲಿದ ನೀರು, ಪಾತ್ರೆ ತೊಳೆದ ನೀರು, ಬಾಳೆಯ ಬುಡಕ್ಕೆ ಹರಿಯುವ ಸಣ್ಣ ಕಾಲುವೆ, ಇವುಗಳ ಅಂಚಿನಲ್ಲಿ ಯಾರೂ ನೆಡದೆ, ಯಾರೂ ಕಾಯದೆ, ಒಂದು ಚಿಕ್ಕ ಬಳ್ಳಿಯು ನೆಲಕ್ಕೆ ಹಸುರು ಹಾಸಿ ಬೆಳೆಯುತ್ತಿತ್ತು. ಅದೇ ಒಂದೆಲಗ.

ನೆಲವನ್ನಪ್ಪಿ ಹರಿಯುವ ಬಳ್ಳಿಯ ಗೆಣ್ಣುಗೆಣ್ಣಿಗೂ ಬೇರು ಇಳಿಯುವದು. ಅಲ್ಲಿಂದ ಮೇಲೆದ್ದ ಒಂದೊಂದು ತೊಟ್ಟಿನ ತುದಿಗೆ ಒಂದೊಂದೇ ಎಲೆ. ಹೆಸರಿನ ಅರ್ಥವು ಇಷ್ಟರಲ್ಲಿಯೇ ಸ್ಪಷ್ಟವಾಗಿದೆ. ಕೊಂಕಣಿಯ ನೆರೆಯವರು ಇದನ್ನು ಏಕಪಾನವೆಂದು ಕರೆಯುವಾಗಲೂ ಹೇಳುವದು ಇದೇ ಮಾತನ್ನೇ. ತುಳುವರು ತಿಮರೆಯೆನ್ನುವರು, ತಮಿಳರು ವಲ್ಲಾರೈ ಎನ್ನುವರು, ಸಿಂಹಳದವರು ಗೊಟುಕೊಳವೆಂದು ಅನ್ನದೊಡನೆ ಉಣ್ಣುವರು. ನಮ್ಮಲ್ಲಿ ಇದರ ಮುಖ್ಯ ಸ್ಥಾನವು ತಂಬುಳಿಯಲ್ಲಿ. ಎಲೆಯನ್ನು ತುಪ್ಪದಲ್ಲಿ ಜೀರಿಗೆ, ಮೆಣಸಿನಕಾಳುಗಳೊಡನೆ ಬಾಡಿಸಿ, ಕಾಯಿತುರಿಯೊಡನೆ ಬೀಸಿ, ಮಜ್ಜಿಗೆ ಬೆರಸಿದರೆ ಬೇಸಗೆಯ ಮಧ್ಯಾಹ್ನಕ್ಕೆ ಅದಕ್ಕಿಂತ ತಂಪಾದ ಮೇಲೋಗರವಿಲ್ಲ. ಇಷ್ಟು ಬಳಕೆಯ ಸಸ್ಯವಾದರೂ, ಬೆಲೆ ತೆರದೆ ಸಿಕ್ಕುವದಾದ್ದರಿಂದ, ಇದಕ್ಕೆ ಒಂದು ಚರಿತ್ರೆಯಿರಬಹುದೆಂದು ನಾವು ಯೋಚಿಸಿದವರಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಕಟ್ಟಿದವರು ನಮ್ಮವರೇ ಅಲ್ಲವೇ?

ಆದರೆ ಗ್ರಂಥಸ್ಥವಾದ ಇದರ ಚರಿತ್ರೆ ಬಹು ಹಳೆಯದು. ಎಲೆಯು ಕಪ್ಪೆಯನ್ನು ನೆನಪಿಗೆ ತರುವದರಿಂದಲೋ, ಕಪ್ಪೆಗಳಿರುವ ಹಸಿಯಲ್ಲಿ ಬೆಳೆಯುವದರಿಂದಲೋ, ಸಂಸ್ಕೃತದಲ್ಲಿ ಇದಕ್ಕೆ ಮಂಡೂಕಪರ್ಣಿಯೆಂದು ಹೆಸರು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬುದ್ಧಿಗೆ ಹಿತವಾದ ನಾಲ್ಕು ಮೇಧ್ಯರಸಾಯನಗಳನ್ನು ಹೇಳುವಾಗ ಮೊದಲು ಬರುವದು ಮಂಡೂಕಪರ್ಣಿಯ ರಸ. ಯಷ್ಟಿಮಧು, ಅಮೃತಬಳ್ಳಿ, ಶಂಖಪುಷ್ಪಿಗಳು ಅನಂತರ. ಸುಶ್ರುತಸಂಹಿತೆಯು ಇದೇ ಪ್ರಕರಣದಲ್ಲಿ ಮಂಡೂಕಪರ್ಣಿಯನ್ನೂ ಬ್ರಾಹ್ಮಿಯನ್ನೂ ಬೇರೆ ಬೇರೆಯಾಗಿ ಹೇಳುವದು. ಈ ಸಂಗತಿಯು ಗಮನಿಸತಕ್ಕದ್ದು. ಏಕೆಂದರೆ ಮುಂದಿನ ಕಾಲದಲ್ಲಿ ಹೆಸರುಗಳು ಒಂದರೊಡನೊಂದು ಕಲೆತುಹೋದವು. ಉತ್ತರ ಹಿಂದುಸ್ತಾನದ ಹಲವು ಕಡೆ ಒಂದೆಲಗವನ್ನೇ ಬ್ರಾಹ್ಮಿಯೆಂದರು. ಕೇರಳದ ವೈದ್ಯರು ಸಣ್ಣ ದಪ್ಪೆಲೆಯ ನೀರುಬ್ರಾಹ್ಮಿಗೆ ಆ ಹೆಸರನ್ನು ಕಾಯ್ದಿಟ್ಟರು. ಕನ್ನಡ ನಾಡಿನಲ್ಲಿ ಎರಡೂ ವಾಡಿಕೆಗಳು ಉಳಿದವು. ಎರಡೂ ಹಸಿನೆಲದಲ್ಲಿ ಹರಿಯುವ ಸಸ್ಯಗಳೇ, ಎರಡನ್ನೂ ಬುದ್ಧಿಗೆ ಒಳ್ಳೆಯದೆಂದು ಹೇಳಿದ್ದಾರೆ. ಆದರೂ ಅವು ಕುಲದಿಂದ ಬೇರೆ: ಒಂದೆಲಗವು ಜೀರಿಗೆ, ಕೊತ್ತಂಬರಿಗಳ ಬಳಗದ್ದು, ನೀರುಬ್ರಾಹ್ಮಿಯು ಆ ಬಳಗದ್ದಲ್ಲ.

ಒಂದೆಲಗವು ಯುರೋಪಿನ ಗ್ರಂಥಗಳಿಗೆ ಹೋದ ದಾರಿಯಲ್ಲಿ ನಮ್ಮ ಕರಾವಳಿಯ ಸಂಬಂಧವೊಂದು ಅಡಗಿದೆ. 1670ರ ದಶಕದಲ್ಲಿ ಮಲಬಾರದ ಡಚ್ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡನು ಆ ಸೀಮೆಯ ಸಸ್ಯಗಳ ಮಹಾಗ್ರಂಥವೊಂದನ್ನು ಸಿದ್ಧಪಡಿಸತೊಡಗಿದನು. ಅವನಿಗೆ ಸಸ್ಯಗಳನ್ನು ಗುರುತಿಸಿ ಗುಣಗಳನ್ನು ತಿಳಿಸಿದವರು ಈ ದೇಶದ ವೈದ್ಯರು: ಮಲಯಾಳಿಯಾದ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿಗರಾದ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರು. ಈ ಮೂವರು ನಾಗರೀ ಲಿಪಿಯಲ್ಲಿ ಬರೆದುಕೊಟ್ಟ 1675ರ ಏಪ್ರಿಲ್ 20ರ ಪ್ರಮಾಣಪತ್ರವು ಗ್ರಂಥದ ಮೊದಲ ಸಂಪುಟದಲ್ಲಿಯೇ ಅಚ್ಚಾಗಿದೆ. ಪೋರ್ತುಗೀಜರ ಕಾಟದಿಂದ ಗೋವೆಯನ್ನು ಬಿಟ್ಟ ಕೊಂಕಣಿಗರಲ್ಲಿ ಕೆಲವರು ಕೊಚ್ಚಿಗೆ ಹೋಗಿ ನೆಲಸಿದರು. ಅವರದೇ ಬಂಧುಜನರು ಕುಮಟೆ, ಹೊನ್ನಾವರ, ಭಟಕಳಗಳಲ್ಲಿ ನಿಂತರು. ಆದಕಾರಣ ಆ ಪಂಡಿತರ ಮಾತನ್ನೂ ನಮ್ಮ ನೆರೆಮನೆಯ ಮಾತನ್ನೂ ತೀರ ದೂರವೆನ್ನಲಾಗದು. 'ಹೋರ್ಟಸ್ ಮಲಬಾರಿಕಸ್' ಎಂಬ ಈ ಗ್ರಂಥವು 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದಿತು. ಅದರ ಹತ್ತನೆಯ ಸಂಪುಟದಲ್ಲಿ 'ಕೊಡಗಂ' ಎಂಬ ಮಲಯಾಳ ಹೆಸರಿನಿಂದ ಒಂದೆಲಗದ ಚಿತ್ರವಿರುವದು. 1753ರಲ್ಲಿ ಲಿನ್ನೇಯಸನು ಇದಕ್ಕೆ ಹೈಡ್ರೋಕೋಟೈಲ್ ಏಷ್ಯಾಟಿಕವೆಂದು ಲ್ಯಾಟಿನ್ ಹೆಸರಿಟ್ಟನು. 1879ರಲ್ಲಿ ಉರ್ಬಾನನೆಂಬ ಜರ್ಮನ್ ಪಂಡಿತನು ಸೆಂಟೆಲ್ಲ ಏಷ್ಯಾಟಿಕವೆಂದು ಮಾರ್ಪಡಿಸಿದನು. ಈಗ ನಡೆಯುತ್ತಿರುವದು ಎರಡನೆಯ ಹೆಸರೇ.

ನಮ್ಮ ಸೀಮೆಯನ್ನೇ ಕಂಡು ಬರೆದವರ ಲಕ್ಷ್ಯವು ಮಾತ್ರ ಬೇರೆ ಕಡೆಗಿತ್ತು. ಕಂಪನಿಯ ಸರಕಾರದಿಂದ ಬೇಸಾಯ ವ್ಯಾಪಾರಗಳ ವಿಚಾರಣೆಗೆಂದು ನೇಮಿತನಾದ ಫ್ರಾನ್ಸಿಸ್ ಬುಕಾನನನು 1801ರಲ್ಲಿ ಈ ಕರಾವಳಿಯಲ್ಲಿ ಪ್ರವಾಸ ಮಾಡಿ, ತೆಂಗು, ಅಡಿಕೆ, ಮೆಣಸುಗಳ ತೋಟಗಳನ್ನು ಬಹು ವಿವರವಾಗಿ ಬಣ್ಣಿಸಿದನು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೂ ದಫ್ತರಗಳ ಕಣ್ಣು ಕಂದಾಯದ ಮೇಲೆ, ಕಾಡಿನ ಮರಗಳ ಮೇಲೆ. ಬಾವಿಕಟ್ಟೆಯ ಬಳ್ಳಿಗೆ ತೀರ್ವೆಯಿಲ್ಲ, ದಾಖಲೆಯೂ ಇಲ್ಲ. ಅದರ ಲೆಕ್ಕವನ್ನು ಇಟ್ಟುಕೊಂಡವರು ಒಲೆಯ ಮುಂದಿನ ಹೆಂಗಸರು ಮಾತ್ರ.

ಅಷ್ಟರಲ್ಲಿ ಈ ಎಲೆಯು ಸಮುದ್ರದಾಚೆ ಹೊಸ ಕೀರ್ತಿ ಪಡೆಯುತ್ತಿತ್ತು. 1852ರಲ್ಲಿ ಮಾರಿಷಸ್ಸಿನ ವೈದ್ಯ ಬ್ವಾಲೋ ಎಂಬಾತನು ಕುಷ್ಠರೋಗಕ್ಕೆ ಇದನ್ನು ಪ್ರಯೋಗಿಸಿದನು. ಪುದುಚೇರಿಯಲ್ಲಿದ್ದ ಫ್ರೆಂಚ್ ಔಷಧಜ್ಞ ಲೆಪೀನನು 1855ರಲ್ಲಿ ಇದನ್ನು ಪೃಥಕ್ಕರಿಸಿ, ಕಂಡ ದ್ರವ್ಯವೊಂದಕ್ಕೆ ತಮಿಳು ಹೆಸರನ್ನು ಅನುಸರಿಸಿ 'ವೆಲ್ಲರೀನ್' ಎಂದು ಹೆಸರಿಟ್ಟನು. 1868ರಲ್ಲಿ ಪ್ರಕಟವಾದ ಹಿಂದುಸ್ತಾನದ ಔಷಧಸಂಹಿತೆಯಲ್ಲಿ ಸಂಪಾದಕ ವೇರಿಂಗನು ಇದಕ್ಕೆ ಸ್ಥಾನ ಕೊಟ್ಟನು. 1940ರ ದಶಕದಲ್ಲಿ ಮಡಗಾಸ್ಕರದ ಸಂಶೋಧಕರು ಇದರ ಸಾರವಾದ ಏಷ್ಯಾಟಿಕೋಸೈಡನ್ನು ಶೋಧಿಸಿ ಹುಣ್ಣುಗಳ ಮೇಲೆ ಪರೀಕ್ಷಿಸಿದರು. ಅದೇ ದಶಕದಲ್ಲಿ ಸಲ್ಫೋನ್ ಔಷಧಗಳು ಬಂದುದರಿಂದ ಕುಷ್ಠಕ್ಕೆ ಇದರ ಅವಶ್ಯಕತೆಯು ಹಿಂದೆ ಬಿತ್ತು. ಗಾಯ ಮಾಯಿಸುವ ಲೇಪಗಳಲ್ಲಿ ಮಾತ್ರ ಉಳಿದುಬಂದಿತು. 1999ರಲ್ಲಿ ಜಾಗತಿಕ ಆರೋಗ್ಯಸಂಸ್ಥೆಯು ಪ್ರಕಟಿಸಿದ ಔಷಧಿಸಸ್ಯಗಳ ಮೊದಲ ಸಂಪುಟದಲ್ಲಿಯೂ ಇದು ಸೇರಿದೆ. ಹೊಗಳಿಕೆಯನ್ನು ಹೇಳಿದ ಮೇಲೆ ಎಚ್ಚರವನ್ನೂ ಹೇಳತಕ್ಕದ್ದು: ಇದರ ಸಾರದ ಗುಳಿಗೆಗಳನ್ನು ವಾರಗಟ್ಟಲೆ ನುಂಗಿದ ಕೆಲವರಿಗೆ ಯಕೃತ್ತಿನ ಬಾಧೆಯಾದುದು ವೈದ್ಯಪತ್ರಿಕೆಗಳಲ್ಲಿ ವರದಿಯಾಗಿದೆ. ತಂಬುಳಿಯ ಹಿಡಿಸೊಪ್ಪು ಬೇರೆ, ಸೀಸೆಯ ಸಾರ ಬೇರೆ.

ಹೀಗೆ ಕೊಚ್ಚಿ, ಆಮ್‌ಸ್ಟರ್‌ಡಾಮ್, ಮಾರಿಷಸ್, ಮಡಗಾಸ್ಕರಗಳನ್ನು ಸುತ್ತಿದ ಒಂದೆಲಗವನ್ನು ಹುಡುಕಿಕೊಂಡು ನಾನು ಈಚೆಗೆ ನಮ್ಮ ಹಿತ್ತಲಿಗೆ ಹೋದೆನು. ಮೊಮ್ಮಗಳು ಪಾಠದಲ್ಲಿ ಓದಿದ ಎಲೆಯನ್ನು ತೋರಿಸೆಂದು ಕೇಳಿದ್ದಳು. ಒಂದೂ ಸಿಕ್ಕಲಿಲ್ಲ. ಬಾವಿಗೆ ಪಂಪು ಬಂದ ಮೇಲೆ ಕಟ್ಟೆಯಲ್ಲಿ ನೀರು ಚೆಲ್ಲುವದು ನಿಂತಿದೆ. ಬಚ್ಚಲ ನೀರು ಕೊಳವೆಯಲ್ಲಿ ಇಂಗುಗುಂಡಿಗೆ ಹೋಗುವದು. ಕೆಸರಾಗದಿರಲೆಂದು ಅಂಗಳಕ್ಕೆ ಸಿಮೆಂಟು ಹಾಕಿಸಿದವನು ನಾನೇ. ಪೇಟೆಯಿಂದ ಬ್ರಾಹ್ಮಿಯೆಂಬ ಹೆಸರಿನ ಒಂದು ಕುಂಡವನ್ನು ತಂದೆನು. ನೋಡಿದರೆ ಎಲೆಯು ಪೂರ್ಣ ವೃತ್ತ, ತೊಟ್ಟು ಎಲೆಯ ನಟ್ಟನಡುವೆ. ಅದು ಅಲಂಕಾರಕ್ಕೆ ಬೆಳೆಸುವ ಬೇರೊಂದು ಸಸ್ಯ. ಒಂದೆಲಗದ ಎಲೆಯು ಮೂತ್ರಪಿಂಡದ ಆಕಾರದ್ದು. ತೊಟ್ಟು ಕೂಡುವಲ್ಲಿ ಆಳವಾದ ಕಚ್ಚು, ಅಂಚಿಗೆ ಸಣ್ಣ ದುಂಡು ಹಲ್ಲುಗಳು. ಐವತ್ತು ವರ್ಷ ತಂಬುಳಿಯುಂಡ ನನಗೆ ಈ ಭೇದವು ಮನೆಗೆ ಬಂದ ಮೇಲೆ ಹೊಳೆಯಿತೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಕೊನೆಗೆ ನೆರೆಮನೆಯ ಅಕ್ಕನವರು ತಮ್ಮ ಬಾಳೆಬುಡದಿಂದ ಒಂದು ಹಿಡಿ ಬಳ್ಳಿಯನ್ನು ಕಿತ್ತು, ತೊಟ್ಟೆಯಲ್ಲಿ ಒದ್ದೆಮಣ್ಣಿನೊಡನೆ ಕಟ್ಟಿಕೊಟ್ಟರು. "ಬಿಸಿಲಿಗೆ ಇಡಬೇಡಿ, ನೀರು ಮರೆಯಬೇಡಿ, ಮತ್ತೆ ಅದೇ ನೋಡಿಕೊಳ್ಳುತ್ತದೆ" ಎಂದಿಷ್ಟೇ ಅವರ ಉಪದೇಶ. ಅದರಂತೆ ನಡೆದು ಕಂಡುದನ್ನು ವಾಚಕರಿಗಾಗಿ ಬರೆಯುತ್ತೇನೆ. ಮೂರು ಗೆಣ್ಣುಗಳಿರುವ ತುಂಡುಗಳನ್ನು ಆರಿಸಿ, ತೆಂಗು ಬಾಳೆಗಳ ಅರೆನೆರಳಿನಲ್ಲಿ ಅರ್ಧ ಅಡಿಯ ಅಂತರದಿಂದ ನೆಡಬೇಕು. ಗೆಣ್ಣು ಮಣ್ಣಿಗೆ ತಗಲಿರಬೇಕು, ಹೂತುಹೋಗಬಾರದು. ನಮ್ಮ ಕೆಂಪುನೆಲದಲ್ಲಿ ಸಾರ ಕಡಿಮೆ. ಕಳಿತ ಸಗಣಿ ಗೊಬ್ಬರವನ್ನೂ ಎಲೆಗೊಬ್ಬರವನ್ನೂ ಬೆರಸಿದರೆ ಎಲೆ ಅಗಲವಾಗುವದು. ಆಷಾಢದ ಜಡಿಮಳೆಯಲ್ಲಿ ನೀರು ಕಟ್ಟಿ ನಿಂತರೆ ಎಳೆಯ ತುಂಡು ಕೊಳೆಯುವದರಿಂದ, ಮಳೆಯ ಆರಂಭದಲ್ಲಾಗಲಿ ಮಳೆ ಇಳಿದ ಮೇಲಾಗಲಿ ನೆಡುವದು ಉತ್ತಮ. ಎರಡು ತಿಂಗಳು ಕಳೆ ತೆಗೆದರೆ ಸಾಕು. ಆಮೇಲೆ ಹಾಸು ಕೂಡಿಕೊಂಡು ಕಳೆಗೆ ತಾನೇ ಎಡೆಗೊಡದು, ಮಣ್ಣಿನ ತೇವವನ್ನೂ ಕಾಯುವದು. ಹಿನ್ನೀರಿನ ಬದಿಯ ಬಾವಿಗಳಲ್ಲಿ ಬೇಸಗೆಗೆ ಉಪ್ಪು ತಲೆದೋರಿದರೆ ಆ ನೀರನ್ನು ಇದಕ್ಕೆ ಎರೆಯಬಾರದು. ಕೊಯ್ಯುವಾಗ ತೊಟ್ಟು ಸಹಿತ ಎಲೆಯನ್ನಷ್ಟೇ ಚಿವುಟಿ, ಬಳ್ಳಿಯನ್ನು ಎಳೆಯದೆ ಬಿಡಬೇಕು.

ಇನ್ನೊಂದು ಮಾತು ಅವಶ್ಯವಾದುದು. ಈ ಸಸ್ಯವು ತಾನು ನಿಂತ ನೆಲದಲ್ಲಿರುವ ಸೀಸ ಮೊದಲಾದ ಲೋಹಗಳನ್ನು ಹೀರಿಕೊಳ್ಳಬಲ್ಲದು. ಹಿಂದೆ ಗದ್ದೆಯ ಬದುವಿನಿಂದ ಧೈರ್ಯವಾಗಿ ಕಿತ್ತು ತರುತ್ತಿದ್ದೆವು. ಇಂದು ಹೆದ್ದಾರಿಯ ಅಂಚಿನ, ಗಟಾರದ ಬದಿಯ ಒಂದೆಲಗವು ಎಷ್ಟು ಹುಲುಸಾಗಿ ಕಂಡರೂ ತಟ್ಟೆಗೆ ತರತಕ್ಕದ್ದಲ್ಲ. ಶುದ್ಧವಾದ ಎಲೆ ಬೇಕಾದರೆ ಅದನ್ನು ನಮ್ಮ ಹಿತ್ತಲಿನಲ್ಲಿಯೇ ನೆಡಬೇಕಾಗಿದೆ. ತಾನಾಗಿ ಬರುತ್ತಿದ್ದುದನ್ನು ಕರೆದು ತರಬೇಕಾದುದೇ ಇದರ ಚರಿತ್ರೆಯ ಕೊನೆಯ ಅಧ್ಯಾಯ.

ಸಿಮೆಂಟು ಹಾಸಿನಲ್ಲಿ ಬಾವಿಯ ಬಳಿ ಮೂರು ಅಡಿ ಅಗಲ, ಆರು ಅಡಿ ಉದ್ದದ ತುಂಡೊಂದನ್ನು ಒಡೆಯಿಸಿದ್ದೇನೆ. ಸೊಪ್ಪು ತೊಳೆದ ನೀರನ್ನು ಈಗ ಮನೆಯವರು ಅಲ್ಲಿಗೇ ಚೆಲ್ಲುವರು. ಹಸುರು ಅಂಚಿನವರೆಗೆ ಬಂದಿದೆ. ಮೊನ್ನೆ ಮೊಮ್ಮಗಳು ಎಲೆಯೊಂದನ್ನು ಕಿತ್ತು, ಕಚ್ಚನ್ನೂ ಹಲ್ಲುಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ, ಇದೇ ಹೌದೆಂದು ನನಗೇ ಹೇಳಿದಳು.