ಪುಸ್ತಕಕ್ಕಾಗಿ ಕಟ್ಟಿದ ಮನೆ

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಮನೆ ಅಂದರೆ ಅರಮನೆ. ಕಟ್ಟಿಸಿದವನ ಹೆಸರಿರುತ್ತೆ, ಕಲ್ಲು ಹೊತ್ತವರ ಹೆಸರಿರೋದಿಲ್ಲ. ಊರೊಳಗೆ ಯಾರು, ಊರಾಚೆ ಯಾರು, ಯಾಕೆ ಅನ್ನೋದನ್ನು ಯಾವ ಮೇಷ್ಟರೂ ನಮಗೆ ಪಾಠ ಮಾಡಲಿಲ್ಲ. ಆದ್ದರಿಂದ ಇಲ್ಲಿ ಒಂದು ಮನೆಯ ಚರಿತ್ರೆ ಹೇಳುತ್ತೇವೆ. ಮುಂಬಯಿಯ ದಾದರ್‌ನ ಹಿಂದೂ ಕಾಲೊನಿಯಲ್ಲಿ ಬಾಬಾಸಾಹೇಬ ಅಂಬೇಡ್ಕರ್ ಕಟ್ಟಿಸಿದ ಮನೆ, ರಾಜಗೃಹ.

ಮೊದಲು ಬಡಾವಣೆಯ ಮಾತು. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಇಕ್ಕಟ್ಟಿನ ಕೇರಿಗಳೇ ರೋಗದ ಮೂಲ ಅಂತ ತಿಳಿದ ಬ್ರಿಟಿಷ್ ಸರ್ಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಟ್ರಸ್ಟು ಕೇರಿಗಳನ್ನು ಒಡೆಯಿತು. ಉತ್ತರಕ್ಕೆ ದಾದರ್-ಮಾಟುಂಗದ ಕಡೆ ಅಗಲ ರಸ್ತೆ ಎಳೆದು, ಮಧ್ಯಮ ವರ್ಗಕ್ಕೆ ಸೈಟು ಮಾಡಿತು. ಅಲ್ಲಿ ಎದ್ದ ಕಾಲೊನಿಗಳ ಹೆಸರೇ ಕಥೆ ಹೇಳುತ್ತೆ: ಪಾರ್ಸಿ ಕಾಲೊನಿ, ಹಿಂದೂ ಕಾಲೊನಿ. ಹೊಸ ಊರು ಕಟ್ಟಿದರೂ ಜನ ಹಳೇ ಗೋಡೆಗಳನ್ನು ಹೊತ್ತುಕೊಂಡೇ ಬಂದರು.

ಅದೇ ಟ್ರಸ್ಟು ಕೂಲಿಕಾರರಿಗೆ ಚಾಳ್‌ಗಳನ್ನು ಕಟ್ಟಿತು. ಸಂಸಾರಕ್ಕೊಂದು ಕೋಣೆ, ನಲ್ಲಿ-ಕಕ್ಕಸು ಎಲ್ಲರಿಗೂ ಸೇರಿ. ಗಿರಣಿಗಳ ಪರಳ್‌ನಲ್ಲಿದ್ದ ಇಂಥ ಒಂದು ಚಾಳ್‌ನ ಎರಡು ಕೋಣೆಗಳಲ್ಲಿ ಅಂಬೇಡ್ಕರ್ ಸಂಸಾರ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಒಂದೇ ಪ್ಲೇಗು, ಒಂದೇ ಟ್ರಸ್ಟು. ಒಬ್ಬರಿಗೆ ಸೈಟು, ಇನ್ನೊಬ್ಬರಿಗೆ ಕೋಣೆ.

ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ ಬಂದವರಿಗೆ ಸ್ವಂತ ದೇಶದಲ್ಲಿ ಆದದ್ದೇನು? 1917ರಲ್ಲಿ ಬರೋಡದ ಕೆಲಸಕ್ಕೆ ಹೋದಾಗ ಮನೆ ಸಿಗಲಿಲ್ಲ. ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಉಳಿದರು. ಗೊತ್ತಾದ ದಿನ ದೊಣ್ಣೆ ಹಿಡಿದವರು ಬಾಗಿಲಿಗೆ ಬಂದು ಹೊರಡು ಅಂದರು. ಪದವಿ ಇತ್ತು, ಕೆಲಸ ಇತ್ತು, ತಲೆ ಮೇಲೆ ಸೂರಿಲ್ಲ!

ಆ ಮನುಷ್ಯ 1930ರ ದಶಕದ ಮೊದಲ ವರ್ಷಗಳಲ್ಲಿ ಹಿಂದೂ ಕಾಲೊನಿಯಲ್ಲೇ ಮನೆ ಕಟ್ಟಿಸಿದರು. ಮುಖ್ಯವಾಗಿ ಪುಸ್ತಕಗಳಿಗಾಗಿ. ಓದಬಾರದು ಅಂತ ಶಾಸ್ತ್ರ ಯಾರಿಗೆ ಹೇಳಿತ್ತೋ ಅವರ ಮಗನ ಮನೆಯಲ್ಲಿ ಸಾವಿರಾರು ಗ್ರಂಥಗಳು! ಹೆಸರಿಟ್ಟಿದ್ದು ಬುದ್ಧ ನಡೆದಾಡಿದ ಮಗಧದ ರಾಜಧಾನಿಯದು. 1935ರ ಮೇ 27ರಂದು ರಮಾಬಾಯಿ ಈ ಮನೆಯಲ್ಲೇ ತೀರಿಕೊಂಡರು. ಚಾಳ್‌ನ ಬಡತನವನ್ನೆಲ್ಲ ಉಂಡ ಆ ತಾಯಿಗೆ ಸ್ವಂತ ಮನೆಯ ಸುಖ ಬಹಳ ದಿನ ಸಿಗಲಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹಿಂದೂವಾಗಿ ಸಾಯಲಾರೆ ಅಂತ ಬಾಬಾಸಾಹೇಬರು ಯೇವಲೆಯಲ್ಲಿ ಸಾರಿದರು. ಅವರ ವಿಳಾಸ ಮಾತ್ರ ಹಿಂದೂ ಕಾಲೊನಿ!

1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡ ಅವರ ದೇಹ ಇಲ್ಲಿಗೇ ಬಂತು. ಲಕ್ಷಾಂತರ ಜನ ಇಲ್ಲಿಂದ ದಾದರ್ ಕಡಲ ದಂಡೆಗೆ ನಡೆದರು. 2020ರ ಜುಲೈ 7ರಂದು ಯಾರೋ ನುಗ್ಗಿ ಗಿಡದ ಕುಂಡ, ಕಿಟಕಿ ಗಾಜು ಒಡೆದರು. ಮನೆ ಬರೀ ಮನೆಯಾಗಿದ್ದರೆ ಕಲ್ಲು ಯಾಕೆ ಬೀಳುತ್ತಿತ್ತು?

ಇದು ಮುಂಬಯಿ ಮಾತು ಮಾತ್ರ ಅಲ್ಲ. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಅಲ್ಲಿ ಮನೆಗಳ ಬೆನ್ನಿಗೆ ಕಿರುಓಣಿಗಳನ್ನು ಬಿಟ್ಟರು. ಮಲ ಬಾಚುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ. ಹಳ್ಳಿಯ ಊರು-ಕೇರಿ ನಗರದ ನಕ್ಷೆಯೊಳಗೂ ಹೀಗೆ ನುಸುಳಿತು.

ನಮ್ಮ ಮನೆಗಳಲ್ಲಿ ಮೊದಲು ಡಿಗ್ರಿ ಮಾಡಿದವರು ನಾವು. ರೂಮು ಕೇಳಲು ಹೋದರೆ ಬಾಡಿಗೆಗಿಂತ ಮೊದಲು ಬರೋ ಪ್ರಶ್ನೆ, ‘ನೀವು ಯಾವ ಜನ?’ ಬರೋಡದ ದೊಣ್ಣೆಯೇ ಈಗ ನಗುಮುಖದ ಮಾತಾಗಿದೆ.

ಹಳ್ಳಿಯಲ್ಲಿ ಪಾಠ ಮಾಡೋ ಗೆಳೆಯರೇ, ಮಕ್ಕಳ ಕೈಲಿ ಊರಿನ ನಕ್ಷೆ ಬರೆಸಿ. ಬಾವಿ ಯಾರ ಹತ್ತಿರ, ತಿಪ್ಪೆ ಯಾರ ಹತ್ತಿರ, ಸ್ಕೂಲು ಯಾರಿಗೆ ದೂರ, ಎಲ್ಲ ಗುರುತು ಹಾಕಲಿ. ಯಾರು ಹೀಗೆ ಮಾಡಿದ್ದು ಅಂತ ಅವರೇ ಕೇಳಲಿ. ಚರಿತ್ರೆಯ ಪಾಠ ಅಲ್ಲಿಂದ ಶುರುವಾಗಬೇಕು.