ಒಂದೇ ಓಣಿಯ ಎರಡು ನುಡಿಗಳು

ಹೊಸಪೇಟೆ, ಕಂಪ್ಲಿ, ಸಂಡೂರಿನ ಮುಸ್ಲಿಂ ಮನೆಗಳಲ್ಲಿ ಆಡುವ ದಖನಿ ಮಾತಿಗೆ ಎರಡು ಕಡೆಯಿಂದಲೂ ಏಟು ಬೀಳುತ್ತದೆ. ಉತ್ತರದ ಉರ್ದು ಬಲ್ಲವರು ಇದನ್ನು ಕೆಟ್ಟುಹೋದ ಉರ್ದು ಎನ್ನುತ್ತಾರೆ. ಕನ್ನಡಿಗರಲ್ಲಿ ಕೆಲವರು ಇದು ಹೊರಗಿನವರ ಭಾಷೆ ಎನ್ನುತ್ತಾರೆ. ಇದನ್ನು ಕೇಳಿ ಕೇಳಿ ನಮ್ಮ ಮಕ್ಕಳೂ ಮನೆಮಾತನ್ನು ನಾಲ್ಕು ಜನರ ಮುಂದೆ ಆಡಲು ನಾಚುತ್ತಾರೆ. ಈ ಎರಡು ಆರೋಪಗಳಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಕನ್ನಡ ಮತ್ತು ದಖನಿಯನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲು ವಂಶದ ಮಾತು. ಕನ್ನಡ ದ್ರಾವಿಡ ಕುಟುಂಬಕ್ಕೆ ಸೇರಿದ್ದು. ದಖನಿಯು ಉರ್ದು, ಹಿಂದಿಗಳಂತೆ ಇಂಡೋ-ಆರ್ಯನ್ ಶಾಖೆಯದು. ಆ ಲೆಕ್ಕದಲ್ಲಿ ದೂರದ ಐರ್ಲೆಂಡಿನ ಐರಿಷ್ ಭಾಷೆಯೂ ಉರ್ದುವಿಗೆ ರಕ್ತಸಂಬಂಧಿ. ನಮ್ಮ 'ಎರಡು' ಉರ್ದುವಿನಲ್ಲಿ 'ದೋ' ಆದರೆ ಐರಿಷ್‌ನಲ್ಲಿ 'ಡೋ'. ಇತ್ತ ಬರ್ಮೀ ಭಾಷೆ ಕನ್ನಡಕ್ಕೆ ನೆಂಟನಲ್ಲ. ಆದರೂ ಅದರ ಗುಂಡಗಿನ ಲಿಪಿ ಕನ್ನಡ ಲಿಪಿಯಂತೆಯೇ ಬ್ರಾಹ್ಮಿಯಿಂದ ಬಂದದ್ದು, ಅದರ ಕ್ರಿಯಾಪದವೂ ಕನ್ನಡದಂತೆ ವಾಕ್ಯದ ಕೊನೆಯಲ್ಲೇ ನಿಲ್ಲುತ್ತದೆ. ಐರಿಷ್ ಕ್ರಿಯಾಪದವನ್ನು ವಾಕ್ಯದ ಮೊದಲಿಗೇ ಇಡುತ್ತದೆ. ಅಂದರೆ ಭಾಷೆಗಳ ಹೋಲಿಕೆಯನ್ನು ರಕ್ತ ಒಂದೇ ನಿರ್ಧರಿಸುವುದಿಲ್ಲ. ಕೂಡಿ ಬಾಳಿದ ನೆರೆಹೊರೆಯೂ ನಿರ್ಧರಿಸುತ್ತದೆ. ಇದಕ್ಕೆ ನಮ್ಮ ಓಣಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

'ಅವನು ನಾಳೆ ಬರ್ತೀನಿ ಅಂತ ಹೇಳಿದ' ಎಂಬ ಸರಳ ವಾಕ್ಯವನ್ನೇ ತೆಗೆದುಕೊಳ್ಳಿ. ಪುಸ್ತಕದ ಉರ್ದುವಿನಲ್ಲಿ ಇದು 'ಉಸ್‌ನೇ ಕಹಾ ಕೆ ಮೈಂ ಕಲ್ ಆವೂಂಗಾ' ಆಗುತ್ತದೆ. ಇಲ್ಲಿ 'ಹೇಳಿದ' ಎಂಬುದು ಮೊದಲೇ ಬಂದುಬಿಡುತ್ತದೆ. ದಖನಿಯಲ್ಲಿ ಹೇಳುವುದು 'ಉನೆ ಕಲ್ ಆತೂಂ ಬೋಲ್ಕೆ ಬೋಲ್ಯಾ' ಎಂದು. ಕನ್ನಡದ ಪದಕ್ಕೆ ಪದ ಜೋಡಿಸಿದಂತಿದೆ. 'ಅಂತ' ಎಂಬುದು 'ಎನ್ನು' ಎಂಬ ಧಾತುವಿನಿಂದ ಬಂದದ್ದು. 'ಬೋಲ್ಕೆ' ಎಂಬುದರ ಅರ್ಥವೂ 'ಹೇಳಿ' ಎಂದೇ. ಪದ ಉತ್ತರದ್ದು, ಕಟ್ಟಡ ಇಲ್ಲಿಯದು.

ಇನ್ನೊಂದು ಉದಾಹರಣೆ. ಉರ್ದುವಿನಲ್ಲಿ 'ಮೈಂನೇ ರೋಟೀ ಖಾಯೀ' ಎನ್ನುವಾಗ ಕ್ರಿಯಾಪದ ತಿಂದವನನ್ನು ಬಿಟ್ಟು ರೊಟ್ಟಿಯ ಲಿಂಗವನ್ನು ಹಿಡಿಯುತ್ತದೆ. ಗಂಡಸು ಹೇಳಿದರೂ 'ಖಾಯೀ' ಎಂದೇ ಆಗಬೇಕು. ದಖನಿಯವನು 'ಮೈಂ ರೋಟೀ ಖಾಯಾ' ಎಂದು ಮುಗಿಸುತ್ತಾನೆ. 'ನಾನು ರೊಟ್ಟಿ ತಿಂದೆ' ಎಂಬಲ್ಲಿ ಕ್ರಿಯಾಪದ 'ನಾನು' ಎಂಬುದನ್ನು ಅನುಸರಿಸುವಂತೆಯೇ ಇದು. ಇದನ್ನು ತಪ್ಪು ಎನ್ನುವವರು ನೆರೆಯ ಭಾಷೆಗಳ ನಿಯಮವನ್ನು ಗಮನಿಸಿಲ್ಲ ಎಂದೇ ಅರ್ಥ.

ಹಾಗೆಂದು ವ್ಯತ್ಯಾಸಗಳು ಇಲ್ಲವೆಂದಲ್ಲ. ಕಲಿಯುವವರು ಅವನ್ನೂ ತಿಳಿದಿರಬೇಕು. ಕನ್ನಡದಲ್ಲಿ ಪುಸ್ತಕ, ಬಾಗಿಲು ಎರಡೂ 'ಅದು'. ಉರ್ದುವಿನಲ್ಲಿ ಕಿತಾಬ್ ಹೆಣ್ಣು, ದರ್ವಾಜಾ ಗಂಡು. ಕನ್ನಡ ಲಿಪಿಯಲ್ಲಿ ಪ್ರತಿ ಸ್ವರಕ್ಕೂ ಗುರುತಿದೆ. ಉರ್ದು ಲಿಪಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯದೆ ಓದುವವನಿಗೇ ಬಿಡುತ್ತದೆ. 'ಬಲೆ' ಮತ್ತು 'ಬಳೆ' ಎಂಬ ಭೇದ ಆ ಲಿಪಿಗೆ ತಿಳಿಯದು. 'ಬೇಡ' ಎನ್ನಲು ದಖನಿ ಬಳಸುವ 'ನಕ್ಕೊ' ಮರಾಠಿಯ 'ನಕೊ'. 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಸಂಡೂರಿನವರಿಗೆ ಈ ಪದದ ನೆಂಟಸ್ತಿಕೆಯನ್ನು ವಿವರಿಸಬೇಕಾಗಿಲ್ಲ.

ಈ ನುಡಿ ಇಲ್ಲಿಗೆ ಬಂದದ್ದು ಹೇಗೆ? ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಸೈನಿಕರು, ವ್ಯಾಪಾರಿಗಳು, ಸೂಫಿಗಳ ಜೊತೆ ಅಲ್ಲಿಯ ಆಡುನುಡಿ ದಖ್ಖನಿಗೆ ಇಳಿಯಿತು. 1327ರಲ್ಲಿ ತುಘಲಕನ ಸೈನ್ಯ ಕಂಪಿಲಿ ರಾಜ್ಯವನ್ನು, ಅಂದರೆ ಇಂದಿನ ಕಂಪ್ಲಿಯನ್ನು ಗೆದ್ದಿತು. ಸುಲ್ತಾನನಿಗೆ ತಿರುಗಿಬಿದ್ದ ಬಹಾವುದ್ದೀನ್‌ಗೆ ಕಂಪಿಲಿಯ ರಾಯ ಆಶ್ರಯ ಕೊಟ್ಟದ್ದೇ ಆ ಯುದ್ಧಕ್ಕೆ ಕಾರಣವೆಂದು ಇಬ್ನ್ ಬತೂತ ಬರೆದಿದ್ದಾನೆ. ದಾಳಿಯೂ ಆಶ್ರಯವೂ ಒಂದೇ ಕಥೆಯಲ್ಲಿವೆ ಎಂಬುದನ್ನು ನಾವು ಮರೆಯಬಾರದು.

ಮುಂದೆ ವಿಜಯನಗರದಲ್ಲಿ ಪದಗಳು ಎರಡೂ ದಿಕ್ಕಿಗೆ ಓಡಾಡಿದವು. ಅಲ್ಲಿನ ಅರಸರು ಶಾಸನಗಳಲ್ಲಿ ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಅರಬ್ಬಿಯ ಸುಲ್ತಾನ್ ಇಲ್ಲಿ ಸಂಸ್ಕೃತದ ಉಡುಪು ತೊಟ್ಟು ಸುರತ್ರಾಣನಾದ. ಇಮ್ಮಡಿ ದೇವರಾಯನ ಅಧಿಕಾರಿ ಅಹ್ಮದ್ ಖಾನ್ 1439ರಲ್ಲಿ ಹಂಪಿಯಲ್ಲಿ ಮಸೀದಿ ಕಟ್ಟಿಸಿ ತನ್ನ ದೊರೆಯ ಪುಣ್ಯಕ್ಕಾಗಿ ಅರ್ಪಿಸಿದ. ಅದರ ಕನ್ನಡ ಶಾಸನ ಆ ಕಟ್ಟಡವನ್ನು 'ಧರ್ಮಸಾಲೆ' ಎನ್ನುತ್ತದೆ. ನೋಡಲು ಅದು ಹಂಪಿಯ ಮಂಟಪಗಳಂತೆಯೇ ಇದೆ. ಹೊರಗಿನವನೆಂದು ತನ್ನನ್ನು ಭಾವಿಸಿದವನು ಹೀಗೆ ಬರೆಸುತ್ತಿದ್ದನೆ?

ಕನ್ನಡವೂ ಕೈ ಚಾಚಿ ಪಡೆದಿದೆ. ಅರ್ಜಿ, ವಕೀಲ, ಜಮೀನು, ಕಾಗದ, ಕುರ್ಚಿ ಎಲ್ಲವೂ ಅರಬ್ಬಿ, ಫಾರಸಿಗಳಿಂದ ಬಂದವು. ಎಲ್ಲಕ್ಕಿಂತ ಮುಖ್ಯವಾಗಿ 'ಹಕ್ಕು' ಎಂಬ ಪದ ಅರಬ್ಬಿಯ 'ಹಖ್'. ಇಂದು ಆ ಪದ ಇಲ್ಲದೆ ಕನ್ನಡದಲ್ಲಿ ಯಾವ ಹೋರಾಟವೂ ನಡೆಯದು.

ದಖನಿ ಬರೀ ಅಡುಗೆಮನೆಯ ಮಾತೂ ಅಲ್ಲ. ಹದಿನೈದನೆಯ ಶತಮಾನದಲ್ಲೇ ನಿಜಾಮಿ ಬೀದರಿನಲ್ಲಿ 'ಕದಮ್ ರಾವ್ ಪದಮ್ ರಾವ್' ಕಾವ್ಯ ರಚಿಸಿದ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಶಾಹ 'ಕಿತಾಬೆ ನೌರಸ್' ಬರೆದ. ದೆಹಲಿಯ ಕವಿಗಳು ಆಡುನುಡಿಯಲ್ಲಿ ಗಜಲ್ ಬರೆಯಲು ಧೈರ್ಯ ಮಾಡಿದ್ದು ಹದಿನೆಂಟನೆಯ ಶತಮಾನದಲ್ಲಿ, ದಖ್ಖನಿನ ವಲಿಯ ಕವಿತೆಗಳು ಅಲ್ಲಿಗೆ ತಲುಪಿದ ಮೇಲೆ.

ಆದ್ದರಿಂದ ಎರಡೂ ಆರೋಪಗಳು ನಿಲ್ಲುವುದಿಲ್ಲ. ದಖನಿ ಕೆಟ್ಟ ಉರ್ದು ಅಲ್ಲ, ಅದಕ್ಕೆ ತನ್ನದೇ ವ್ಯಾಕರಣವಿದೆ. ಅದು ಹೊರಗಿನದೂ ಅಲ್ಲ, ಆ ವ್ಯಾಕರಣದ ಅರ್ಧ ಪಾಠ ಕಲಿಸಿದ್ದು ಕನ್ನಡ, ತೆಲುಗು, ಮರಾಠಿಗಳೇ. ಶಾಲೆಯಲ್ಲಿ ನಮ್ಮ ಮಕ್ಕಳು ಒಳ್ಳೆಯ ಕನ್ನಡವನ್ನೂ ಒಳ್ಳೆಯ ಉರ್ದುವನ್ನೂ ಕಲಿಯಲಿ. ಆದರೆ ಅಜ್ಜಿಯ ಮಾತನ್ನು ತಿದ್ದುವ ಮುನ್ನ ಅವಳ ಗಾದೆ, ಒಗಟು, ಜೋಗುಳಗಳನ್ನು ಬರೆದಿಟ್ಟುಕೊಳ್ಳಲಿ. ಬರೆಯಲು ಕನ್ನಡ ಲಿಪಿಯೇ ಸಾಕು. ಆರು ನೂರು ವರ್ಷ ಒಂದೇ ಓಣಿಯಲ್ಲಿ ಬಾಳಿದ ಎರಡು ನುಡಿಗಳ ನಡುವೆ ಇಷ್ಟು ಕೊಡುಕೊಳ್ಳುವಿಕೆ ಹೊಸದೇನಲ್ಲ.