ರಾತ್ರಿ ಒಂಬತ್ತು ಗಂಟೆ ಯಾರದು?

ನಮ್ಮೂರು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಪ್ರದಕ್ಷಿಣೆ ಬಂದವರು ಗೋಡೆಯ ಕೆಳಭಾಗದ ಪಟ್ಟಿಕೆಗಳನ್ನು ನೋಡಿಯೇ ಇರುತ್ತಾರೆ. ಎಲ್ಲಕ್ಕಿಂತ ಕೆಳಗೆ ಭಾರ ಹೊತ್ತ ಆನೆಗಳ ಸಾಲು. ಅದರ ಮೇಲೆ ಸಿಂಹಗಳು, ಬಳ್ಳಿಯ ಸುರುಳಿಗಳು, ಕುದುರೆ ಸವಾರರು. ಇವನ್ನೆಲ್ಲ ದಾಟಿದ ಮೇಲೆ ರಾಮಾಯಣ, ಮಹಾಭಾರತ, ಭಾಗವತಗಳ ಕಥೆ ಸಾಗುವ ಪಟ್ಟಿಕೆ. ಜಗತಿಯ ಮೇಲೆ ನಿಂತವನು ಹೆಚ್ಚು ಬಗ್ಗದೆ, ಕತ್ತೆತ್ತದೆ, ನಿಧಾನವಾಗಿ ನೋಡಿಕೊಂಡು ಹೋಗಬಹುದಾದ ಎತ್ತರ ಅದು. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಹೇಳುತ್ತಿದ್ದೆ: ಶಿಲ್ಪಿಗೆ ಆನೆಯೂ ಬೇಕು, ಬಳ್ಳಿಯೂ ಬೇಕು, ಆದರೆ ಕಣ್ಣಿನ ಮಟ್ಟದಲ್ಲಿ ಏನನ್ನು ಇಟ್ಟ ಎಂಬುದರಲ್ಲಿ ಅವನ ಮನಸ್ಸು ತಿಳಿಯುತ್ತದೆ.

ದಿನಕ್ಕೂ ಅಂಥದೊಂದು ಕಣ್ಣಿನ ಮಟ್ಟ ಉಂಟು. ರಾತ್ರಿ ಎಂಟೂವರೆಯಿಂದ ಹತ್ತೂವರೆಯವರೆಗಿನ ಹೊತ್ತು ಅದು. ದುಡಿಮೆ ಮುಗಿದಿರುತ್ತದೆ, ನಿದ್ದೆ ಇನ್ನೂ ಬಂದಿರುವುದಿಲ್ಲ. ಮನೆಯವರೆಲ್ಲ ಒಂದೇ ಕಡೆ ಇರುವ ಹೊತ್ತು ಅದೊಂದೇ. ಆ ಹೊತ್ತಿನಲ್ಲಿ ಮನೆಯೊಳಗೆ ಯಾರ ಮಾತು ಕೇಳಿಸಬೇಕು? ಕಳೆದ ಐವತ್ತು ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಯಾರು ಯಾರು ಉತ್ತರ ಕೊಟ್ಟರು ಎಂಬುದೇ ನನ್ನ ಇಂದಿನ ವಿಷಯ.

ನನ್ನ ಬಾಲ್ಯದಲ್ಲಿ ಉತ್ತರ ಕೊಡುತ್ತಿದ್ದವರು ನನ್ನ ತಾತ. ಸುಗ್ಗಿ ಮುಗಿದ ಮೇಲಿನ ರಾತ್ರಿಗಳಲ್ಲಿ ಅವರು ಜಗಲಿಯ ಮೇಲೆ ಕುಳಿತು ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರು. ಗೋಡೆಯ ಗೂಡಿನಲ್ಲಿ ಹರಳೆಣ್ಣೆಯ ದೀಪ. ಪಕ್ಕದ ಮನೆಯ ಸಾಹೇಬರು, ಹಾಸಿಗೆ ಹೊಲಿಯುವ ಕಸುಬಿನವರು, ತಪ್ಪದೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ಓದು ಹತ್ತು ನಿಮಿಷವಾದರೆ ಅದರ ಮೇಲಿನ ಮಾತು ಅರ್ಧ ಗಂಟೆ. ಚಂದ್ರಹಾಸನ ಕಥೆ ಬಂದ ರಾತ್ರಿ ದುಷ್ಟಬುದ್ಧಿಗೆ ನಮ್ಮ ಊರಿನ ಯಾರ ಮುಖ ಹೊಂದುತ್ತದೆ ಎಂಬ ಚರ್ಚೆ ನಡೆದು ತಾತ ಪುಸ್ತಕ ಮುಚ್ಚಿದ್ದೂ ಉಂಟು. ನನಗೆ ಗೊತ್ತಿರುವ ಮೊದಲ ಮಾತುಕತೆಯ ಕಾರ್ಯಕ್ರಮ ಅದು. ಅದಕ್ಕೆ ವೇಳಾಪಟ್ಟಿ ಇರಲಿಲ್ಲ; ದೀಪದ ಎಣ್ಣೆಯೇ ಅದರ ಗಡಿಯಾರ.

ಕನ್ನಡ ನಾಡಿಗೆ ದೂರದರ್ಶನ ಬಂದದ್ದು ಬೆಂಗಳೂರಿನ ಮೂಲಕವಲ್ಲ, ಹಳ್ಳಿಗಳ ಮೂಲಕ ಎಂದರೆ ಇಂದಿನ ತರುಣರಿಗೆ ಆಶ್ಚರ್ಯವಾಗಬಹುದು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ ಉಪಗ್ರಹ ಶಿಕ್ಷಣ ಪ್ರಯೋಗ ಆರು ರಾಜ್ಯಗಳ ೨,೪೦೦ ಹಳ್ಳಿಗಳನ್ನು ತಲುಪಿತು. ಗುಲ್ಬರ್ಗದ ಸುತ್ತಿನ ಹಳ್ಳಿಗಳೂ ಅದರಲ್ಲಿ ಸೇರಿದ್ದವು. ಬೇಸಾಯ, ಆರೋಗ್ಯ, ಮಕ್ಕಳ ಪಾಠ ಅದರ ವಸ್ತು. ಅಂದಿನ ಸಂಜೆಯ ಪಟ್ಟಿಯಲ್ಲಿಯೇ ಮುಂದಿನ ಜಗಳದ ಬೀಜವೂ ಇತ್ತು: ಆಯಾ ನುಡಿಯ ಕಾರ್ಯಕ್ರಮಗಳ ಜೊತೆಗೆ ಎಲ್ಲ ರಾಜ್ಯಗಳಿಗೂ ಸಮಾನವಾದ ಅರ್ಧ ಗಂಟೆಯ ದೆಹಲಿಯ ಕಾರ್ಯಕ್ರಮ. ೧೯೭೭ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರವಾಯಿತು. ಬೆಂಗಳೂರಿನ ಕೇಂದ್ರ ಆರಂಭವಾದದ್ದು ೧೯೮೧ರ ನವೆಂಬರಿನಲ್ಲಿ.

ಅದಾಗಿ ಒಂದು ವರ್ಷವೂ ತುಂಬಿರಲಿಲ್ಲ. ೧೯೮೨ರ ಆಗಸ್ಟ್ ೧೫ರಂದು ದೆಹಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ದೇಶದ ಎಲ್ಲ ಕೇಂದ್ರಗಳೂ ರಾತ್ರಿ ಎಂಟೂವರೆಯ ಸುಮಾರಿಗೆ ತಮ್ಮ ಮಾತು ನಿಲ್ಲಿಸಿ ದೆಹಲಿಗೆ ಕಿವಿಗೊಡಬೇಕು. ಕನ್ನಡಕ್ಕೆ ಉಳಿದದ್ದು ದನ ಕೊಟ್ಟಿಗೆಗೆ ಬರುವ ಹೊತ್ತು, ಒಲೆ ಹೊತ್ತಿಸುವ ಹೊತ್ತು. ಕಣ್ಣಿನ ಮಟ್ಟದ ಪಟ್ಟಿಕೆ ಹಿಂದಿ ಮತ್ತು ಇಂಗ್ಲಿಷಿನದಾಯಿತು. ಅದೇ ೧೯೮೨ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ರಾಜ್‌ಕುಮಾರ್ ಅವರು ಬೀದಿಗಿಳಿದಿದ್ದರು ಎಂಬುದನ್ನು ನೆನೆದರೆ, ಈ ವೇಳಾಪಟ್ಟಿಯ ಬದಲಾವಣೆ ಕನ್ನಡಿಗರ ಮನಸ್ಸಿನಲ್ಲಿ ಎಲ್ಲಿ ತಾಗಿತು ಎಂಬುದನ್ನು ಊಹಿಸಬಹುದು.

ಇಲ್ಲಿ ನಮ್ಮ ಜಿಲ್ಲೆಗೇ ಸೇರಿದ ಒಂದು ಸಂಗತಿಯನ್ನು ಹೇಳಬೇಕು. ದೆಹಲಿಯ ಚಿತ್ರ ದೇಶದ ಮೂಲೆ ಮೂಲೆಗೆ ಬಂದದ್ದು ಇನ್‌ಸಾಟ್ ಉಪಗ್ರಹಗಳ ಮೂಲಕ. ೧೯೮೨ರ ಏಪ್ರಿಲ್‌ನಲ್ಲಿ ಹಾರಿದ ಮೊದಲನೆಯದು ಕೆಲವೇ ತಿಂಗಳಲ್ಲಿ ಕೆಟ್ಟಿತು; ೧೯೮೩ರ ಆಗಸ್ಟ್‌ನಲ್ಲಿ ಹಾರಿದ ಎರಡನೆಯದು ನೆಲೆನಿಂತಿತು. ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ ಅದು ತನ್ನ ಜಾಗ ಬಿಟ್ಟು ಕದಲದಂತೆ ನೋಡಿಕೊಂಡವರು ಎಲ್ಲಿದ್ದರು? ಹಾಸನದಲ್ಲಿ, ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರದಲ್ಲಿ. ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಉಪಗ್ರಹದ ಲಗಾಮು ನಮ್ಮ ನೆಲದಲ್ಲಿ, ಅದರಿಂದ ಇಳಿಯುವ ಮಾತು ಮಾತ್ರ ನಮ್ಮದಲ್ಲ! ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಯಂತ್ರವನ್ನು ನಡೆಸುವುದು ಬೇರೆ, ಹೊತ್ತನ್ನು ಹಂಚುವುದು ಬೇರೆ. ಮೊದಲನೆಯದು ವಿದ್ಯೆ, ಎರಡನೆಯದು ಅಧಿಕಾರ.

ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಬೀದಿಯ ವರ್ತಕರೊಬ್ಬರ ಮನೆಗೆ ಟೆಲಿವಿಷನ್ ಬಂತು. ಆಗ ಊರೂರಿಗೆ ಎದ್ದ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಬಹುಪಾಲು ದೆಹಲಿಯನ್ನೇ ತೋರಿಸುತ್ತಿದ್ದವು. ನನ್ನ ತಾಯಿಯೂ ನೋಡಲು ಬರುತ್ತಿದ್ದರು. ಪ್ರತಿ ಎರಡು ನಿಮಿಷಕ್ಕೊಮ್ಮೆ, "ಏನಂತಪ್ಪಾ ಅವಳು ಹೇಳೋದು? ಯಾಕೆ ಅಳ್ತಾಳೆ?" ಎಂದು ನನ್ನ ತೋಳು ಹಿಡಿದು ಕೇಳುವರು. ನನ್ನ ಹಿಂದಿ ಪರೀಕ್ಷೆಗೆ ಓದಿದಷ್ಟು. ಗೊತ್ತಾದದ್ದನ್ನು ಹೇಳಿದೆ, ಗೊತ್ತಾಗದ್ದನ್ನು ಕಟ್ಟಿ ಹೇಳಿದೆ. ನಡುಮನೆಯಲ್ಲಿ ಕುಳಿತ ಇಪ್ಪತ್ತು ಜನ ನನ್ನ ಕನ್ನಡ ಕಥೆಯನ್ನೂ ದೆಹಲಿಯ ಚಿತ್ರವನ್ನೂ ಒಟ್ಟಿಗೆ ಅನುಭವಿಸಿದರು. ಸಂತೋಷವಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ನಮ್ಮ ಜಗಲಿಯ ಓದು ಆ ವರ್ಷವೇ ನಿಂತಿತು. ಯಾರೂ ನಿಲ್ಲಿಸಲಿಲ್ಲ, ಯಾರಿಗೂ ಹೊತ್ತಿರಲಿಲ್ಲ, ಅಷ್ಟೆ.

೧೯೯೧ರ ಕೊಲ್ಲಿ ಯುದ್ಧದ ಹೊತ್ತಿಗೆ ನಗರಗಳಲ್ಲಿ ಹೊರದೇಶದ ವಾಹಿನಿಗಳು ಕಾಣಿಸಿಕೊಂಡವು. ತೆಂಗಿನ ಮರದಿಂದ ಮರಕ್ಕೆ ಕೇಬಲ್ಲಿನ ತಂತಿ ಹಬ್ಬಿತು. ೧೯೯೪ರಲ್ಲಿ ಉದಯ ಟಿವಿ ಬಂತು. ಕನ್ನಡ ರಾತ್ರಿ ಒಂಬತ್ತು ಗಂಟೆಗೆ ಮರಳಿ ಬಂದದ್ದು ಹೀಗೆ, ಜಾಹೀರಾತಿನ ಬಂಡಿ ಹತ್ತಿ.

ಅದೇ ೧೯೯೪ರ ಅಕ್ಟೋಬರ್ ೨ರಂದು ಬೆಂಗಳೂರು ದೂರದರ್ಶನ ಸಂಜೆಯ ಕನ್ನಡ ವಾರ್ತೆಯ ಬೆನ್ನಿಗೆ ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಕನ್ನಡದ ಅಳಿದುಳಿದ ಹೊತ್ತಿನಲ್ಲಿ ಇನ್ನೊಂದು ಪಾಲು ಹೋಯಿತೆಂದು ವಿರೋಧ ಎದ್ದಿತು, ವಿರೋಧ ಗಲಭೆಯಾಯಿತು, ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಹತ್ತು ನಿಮಿಷ! ದೆಹಲಿ ಎರಡು ಗಂಟೆಗಳನ್ನು ತೆಗೆದುಕೊಂಡಾಗ ಮನವಿ ಬರೆದ ನಾವು, ನೆರೆಯವನಿಗೆ ಹತ್ತು ನಿಮಿಷ ಸಂದಾಗ ಕಲ್ಲು ಎತ್ತಿಕೊಂಡೆವು. ಈ ಮಾತನ್ನು ಬಹಳ ವರ್ಷ ಆಡಲಾರದೆ ಇದ್ದೆ, ಈಗ ಆಡುತ್ತಿದ್ದೇನೆ. ಕನ್ನಡದ ಹೊತ್ತು ಕಡಿಮೆಯಾಗಿತ್ತೆಂಬ ದೂರು ನಿಜ. ಆದರೆ ಅದನ್ನು ಕಡಿಮೆ ಮಾಡಿದವರು ಪಕ್ಕದ ಮನೆಯವರಲ್ಲ.

ಆ ವಾರ ನಮ್ಮ ಸಾಹೇಬರು ಅಂಗಡಿಯ ಮುಂದೆ ಸಿಕ್ಕರು. ಮುಪ್ಪು ಬಂದಿತ್ತು. ನಾನೇನು ಮಾತಾಡಲಿ ಎಂದು ತೊಳಲುತ್ತಿರುವಾಗ ಅವರೇ ಹೇಳಿದರು: "ಮೇಷ್ಟ್ರೇ, ಆ ವಾರ್ತೆ ಉರ್ದು ನನಗೆ ಅರ್ಧ ತಿಳಿಯಾಕಿಲ್ಲ. ನಮ್ಮನೇಲಿ ಆಡೋದೇ ಬೇರೆ. ನಿಮ್ಮ ತಾತ ಓದ್ತಿದ್ದದ್ದು ಮಾತ್ರ ಪೂರಾ ತಿಳೀತಿತ್ತು." ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ.

ಮುಂದಿನದು ಪೈಪೋಟಿಯ ಕಾಲ. ೨೦೦೦ದಲ್ಲಿ ಈಟಿವಿ ಕನ್ನಡ, ೨೦೦೬ರಲ್ಲಿ ಜೀ ಕನ್ನಡ, ೨೦೦೭ರಲ್ಲಿ ಸುವರ್ಣ. ನಡುವೆ ಇಪ್ಪತ್ತನಾಲ್ಕು ಗಂಟೆಯ ಸುದ್ದಿವಾಹಿನಿಗಳು. ಒಂದು ಮನೆಯ ಒಂಬತ್ತು ಗಂಟೆಗೆ ಹತ್ತು ಜನ ಹಕ್ಕುದಾರರು. ಈ ವ್ಯಾಪಾರದ ಹಳೆಯ ಅಂಗಡಿ ಅಮೆರಿಕದಲ್ಲಿದೆ. ಅಲ್ಲಿನ ಎನ್.ಬಿ.ಸಿ. ಸಂಸ್ಥೆ ೧೯೫೪ರಲ್ಲಿ 'ಟುನೈಟ್' ಎಂಬ ತಡರಾತ್ರಿಯ ಮಾತುಕತೆಯನ್ನು ಆರಂಭಿಸಿತು. ಜಾನಿ ಕಾರ್ಸನ್ ೧೯೬೨ರಿಂದ ೧೯೯೨ರವರೆಗೆ ಅದೇ ಮೇಜಿನ ಹಿಂದೆ ಕುಳಿತರು. ಅವರು ಎದ್ದುಹೋದ ಮೇಲೆ ಅವರ ಕುರ್ಚಿ ಜೇ ಲೆನೊಗೆ ಸಂದಿತು. ಅದನ್ನು ಬಯಸಿದ್ದ ಡೇವಿಡ್ ಲೆಟರ್‌ಮನ್ ೧೯೯೩ರ ಆಗಸ್ಟ್‌ನಲ್ಲಿ ಎದುರಾಳಿ ಸಿ.ಬಿ.ಎಸ್.ನಲ್ಲಿ ಅದೇ ಹೊತ್ತಿಗೆ ಅಂಗಡಿ ತೆರೆದರು. ೨೦೦೯ರಲ್ಲಿ ಲೆನೊ ಅವರನ್ನು ರಾತ್ರಿ ಹತ್ತು ಗಂಟೆಗೆ ತಂದಾಗ, ಬೆನ್ನಿಗೆ ಬರುವ ತಮ್ಮ ಹನ್ನೊಂದರ ವಾರ್ತೆಗೆ ಜನ ಉಳಿಯುತ್ತಿಲ್ಲವೆಂದು ಸ್ಥಳೀಯ ನಿಲಯಗಳು ಕೂಗೆಬ್ಬಿಸಿದವು. ಅವರನ್ನು ಹನ್ನೊಂದೂವರೆಗೆ ಸರಿಸಿ, ಅಲ್ಲಿದ್ದ ಕೋನನ್ ಓಬ್ರಿಯನ್ ಅವರ 'ಟುನೈಟ್' ಅನ್ನು ಅರ್ಧ ಗಂಟೆ ಮುಂದೆ ತಳ್ಳುವ ಉಪಾಯ ಹುಟ್ಟಿತು. ನಡುರಾತ್ರಿ ದಾಟಿದ ಮೇಲೆ ಅದು 'ಇಂದಿನ ರಾತ್ರಿ' ಹೇಗಾದೀತು ಎಂದು ಓಬ್ರಿಯನ್ ಒಪ್ಪಲಿಲ್ಲ. ೨೦೧೦ರ ಜನವರಿಯಲ್ಲಿ ಹೊರನಡೆದರು. ಸಿರಿವಂತ ನಾಡಿನಲ್ಲಿ ಅರ್ಧ ಗಂಟೆಗಾಗಿ ನಡೆದ ಈ ಜಗಳದಲ್ಲಿ ಯಾರಿಗೂ ಗಾಯವಾಗಲಿಲ್ಲ, ಹಣ ಮಾತ್ರ ಕೈ ಬದಲಾಯಿಸಿತು. ಆದರೆ ಹೊತ್ತು ಎಂಬುದು ಬರಿಯ ಹೊತ್ತಲ್ಲ, ಮರ್ಯಾದೆ, ಎಂಬುದನ್ನು ಅವರೂ ಬಲ್ಲರು.

ನಮ್ಮಲ್ಲಿ ಈ ಆಟ ಬೇರೆ ರೂಪ ತಾಳಿತು. ೨೦೧೩ರಲ್ಲಿ ಸುದೀಪ್ ಅವರ ನಿರೂಪಣೆಯಲ್ಲಿ ಬಂದ ಬಿಗ್ ಬಾಸ್ ಕಾಲಿಟ್ಟಾಗಲೆಲ್ಲ ಒಂಬತ್ತರ ಆಚೀಚೆಯ ಧಾರಾವಾಹಿಗಳು ಹಾಸಿಗೆ ಸುತ್ತಿಕೊಂಡು ಬೇರೆ ಜಾಗ ಹುಡುಕಬೇಕು. ೨೦೧೪ರಲ್ಲಿ ರಮೇಶ್ ಅರವಿಂದ್ ಅವರ 'ವೀಕೆಂಡ್ ವಿತ್ ರಮೇಶ್' ವಾರಾಂತ್ಯದ ರಾತ್ರಿಯನ್ನು ಸೌಮ್ಯವಾದ ಮಾತಿಗೆ ತೆರೆಯಿತು. ಇತ್ತ ಸುದ್ದಿವಾಹಿನಿಗಳ ರಾತ್ರಿಯ ಚರ್ಚೆಯಲ್ಲಿ ಆರು ಜನ ಒಮ್ಮೆಗೇ ಮಾತಾಡುತ್ತಾರೆ. ಕೇಳುವವನು ಒಬ್ಬನೂ ಇಲ್ಲ. ಇವೆಲ್ಲದರ ಹಿಂದೆ ವಾರ ವಾರ ಬರುವ ಟಿ.ಆರ್.ಪಿ. ಲೆಕ್ಕ. ಆ ಲೆಕ್ಕವೂ ಬಹುಕಾಲ ಪಟ್ಟಣದ ಮನೆಗಳದೇ ಆಗಿತ್ತು. ಹಳ್ಳಿಯ ಮನೆಗಳು ಅದರಲ್ಲಿ ಸೇರಿದ್ದು ೨೦೧೫ರಲ್ಲಿ. ಅಂದರೆ ಸುಮಾರು ಇಪ್ಪತ್ತು ವರ್ಷ ನಮ್ಮ ರಾತ್ರಿಗಳನ್ನು ಜೋಡಿಸಿದವರಿಗೆ ನಾವು ಎಚ್ಚರವಾಗಿದ್ದೇವೋ ಮಲಗಿದ್ದೇವೋ ತಿಳಿದಿರಲಿಲ್ಲ. ಪಂಪುಸೆಟ್ಟಿನ ಕರೆಂಟು ರಾತ್ರಿ ಹತ್ತಕ್ಕೆ ಬಂದರೆ ನಮ್ಮ ರೈತ ಟಾರ್ಚು ಹಿಡಿದು ತೋಟಕ್ಕೆ ಹೋಗುತ್ತಾನೆ, ಒಂಬತ್ತೂವರೆಯ ಕಾರ್ಯಕ್ರಮ ಎಷ್ಟೇ ಚೆನ್ನಾಗಿರಲಿ.

ಈ ಗದ್ದಲದ ನಡುವೆ ಒಂದು ದೀಪ ಆರದೆ ಉಳಿದದ್ದನ್ನು ಹೇಳದಿದ್ದರೆ ಕೃತಘ್ನನಾಗುತ್ತೇನೆ. ೨೦೦೨ರ ಜನವರಿಯಲ್ಲಿ ದೂರದರ್ಶನದ ಚಂದನ ವಾಹಿನಿ 'ಥಟ್ ಅಂತ ಹೇಳಿ' ಎಂಬ ರಸಪ್ರಶ್ನೆಯನ್ನು ಆರಂಭಿಸಿತು. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ. ಸರಿಯುತ್ತರಕ್ಕೆ ಬಹುಮಾನ ಒಂದು ಕನ್ನಡ ಪುಸ್ತಕ. ಲಕ್ಷವಿಲ್ಲ, ಕೋಟಿಯಿಲ್ಲ, ಕಣ್ಣೀರಿಲ್ಲ. ಸಾವಿರಾರು ಕಂತುಗಳನ್ನು ಅದು ದಾಟಿತು. ನಮ್ಮ ಮನೆಯಲ್ಲಿ ಅದು ಆರಂಭವಾದ ಮೇಲೆ ಬಹಳ ವರ್ಷಗಳ ನಂತರ ಪೆಟ್ಟಿಗೆಯ ಎದುರು ಮತ್ತೆ ಮಾತು ಹುಟ್ಟಿತು. ಉತ್ತರ ಹೇಳುವ ಆತುರದಲ್ಲಿ ಸೊಸೆ ಒಲೆಯ ಮೇಲಿನ ಹಾಲನ್ನು ಮರೆತದ್ದೂ ಉಂಟು. ಒಳ್ಳೆಯ ಕಾರ್ಯಕ್ರಮದ ಪರೀಕ್ಷೆ ಇದೇ ಎಂದು ನನಗೆ ತೋರುತ್ತದೆ: ಅದು ನಮ್ಮ ಬಾಯಿ ಮುಚ್ಚಿಸುತ್ತದೆಯೋ, ತೆರೆಯಿಸುತ್ತದೆಯೋ?

ಈಗ ಆ ವೇಳಾಪಟ್ಟಿಯೇ ಕರಗುತ್ತಿದೆ. ಸಿ.ಬಿ.ಎಸ್. ಸಂಸ್ಥೆ ೨೦೨೫ರ ಜುಲೈನಲ್ಲಿ ತನ್ನ ತಡರಾತ್ರಿಯ 'ಲೇಟ್ ಷೋ'ವನ್ನು ೨೦೨೬ರ ಮೇ ತಿಂಗಳಿಗೆ ಮುಗಿಸುವುದಾಗಿ ಪ್ರಕಟಿಸಿತು. ನಮ್ಮ ಮನೆಯಲ್ಲಿ ಮಗ ತೋಟದಿಂದ ಬಂದು ಹನ್ನೊಂದಕ್ಕೆ ಫೋನಿನಲ್ಲಿ ನೋಡುವುದು ಒಂದು, ಮೊಮ್ಮಗ ನೋಡುವುದು ಇನ್ನೊಂದು. ಯಾರ ಹೊತ್ತನ್ನೂ ಯಾರೂ ಕಸಿಯಬೇಕಾಗಿಲ್ಲ. ಇದು ಬಿಡುಗಡೆ ಎಂದು ಒಮ್ಮೆ ಅನ್ನಿಸುತ್ತದೆ. ಆದರೆ ಹತ್ತು ನಿಮಿಷಕ್ಕಾಗಿ ಕಾದಾಡಿದ ನಮಗೆ ಒಂದು ಸಮಾನವಾದ ಹೊತ್ತಾದರೂ ಇತ್ತು. ನೆರೆಯವನ ನುಡಿ ಕಿವಿಗೆ ಬೀಳುವ ಸಂದರ್ಭವಿತ್ತು. ಕಾದಾಟವನ್ನು ಬಿಟ್ಟು ಹಂಚಿಕೊಳ್ಳುವುದನ್ನು ಕಲಿಯುವ ಮೊದಲೇ, ಹಂಚಿಕೊಳ್ಳಬೇಕಾದ ಹೊತ್ತೇ ಕಳೆದುಹೋಗುತ್ತಿದೆಯಲ್ಲ ಎಂಬುದು ನನ್ನ ಅಳಲು. ಕಣ್ಣಿನ ಮಟ್ಟದ ಪಟ್ಟಿಕೆಯನ್ನು ಒಡೆದು ಒಬ್ಬೊಬ್ಬರ ಕೈಗೆ ಒಂದೊಂದು ಚೂರು ಕೊಟ್ಟ ಹಾಗೆ.

ಆದ್ದರಿಂದ ನಮ್ಮ ಮನೆಯಲ್ಲಿ ಒಂದು ಸಣ್ಣ ಏರ್ಪಾಟು ಮಾಡಿಕೊಂಡಿದ್ದೇವೆ. ರಾತ್ರಿ ಒಂಬತ್ತಕ್ಕೆ ಊಟ. ಆಗ ಎಲ್ಲರ ಫೋನುಗಳೂ ಜಗಲಿಯ ಗೂಡಿನಲ್ಲಿ, ತಾತನ ದೀಪ ಇರುತ್ತಿದ್ದ ಜಾಗದಲ್ಲಿ. ಗೂಡಿನ ಮೇಲ್ಭಾಗದಲ್ಲಿ ಹೊಗೆಯ ಕಪ್ಪು ಇನ್ನೂ ಹಾಗೆಯೇ ಇದೆ. ಮೊನ್ನೆ ಮೊಮ್ಮಗ ಅದು ಏನೆಂದು ಕೇಳಿದ. ಹೇಳತೊಡಗಿದೆ, ಮುಗಿಯುವ ಹೊತ್ತಿಗೆ ಹತ್ತೂವರೆಯಾಗಿತ್ತು.